ಗಾಳಿಯಿಲ್ಲದ ಹೂಳಿಗೆ ಗಾಳಿಯ ಪರೀಕ್ಷೆ

ಡಿಟರ್ಜೆಂಟಿಗೆ ‘ಬಯೋಡಿಗ್ರೇಡಬಲ್’ ಎಂಬ ಹೆಸರು ಸಿಗುವುದು ಪ್ರಯೋಗಾಲಯದ ಗಾಜಿನ ಬಾಟಲಿಯಲ್ಲಿ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) ರೂಪಿಸಿದ ಒಂದು ಪರೀಕ್ಷೆಯಲ್ಲಿ ಲವಣದ ನೀರಿಗೆ ಕೊಳಚೆ ಶುದ್ಧೀಕರಣ ಘಟಕದ ಸೂಕ್ಷ್ಮಜೀವಿಗಳನ್ನು ಬಿಟ್ಟು, ನೊರೆ ಕೊಡುವ ರಾಸಾಯನಿಕವಾದ ಸರ್ಫ್ಯಾಕ್ಟಂಟನ್ನು ಬೆರೆಸಿ, 28 ದಿನ ಗಾಳಿ ಹಾಯಿಸುತ್ತಾರೆ. ಅದರಲ್ಲಿರುವ ಇಂಗಾಲದಲ್ಲಿ ಶೇ 60ರಷ್ಟು ಇಂಗಾಲದ ಡೈಆಕ್ಸೈಡಾಗಿ ಹೊರಬಂದರೆ, ಯುರೋಪಿನ 2004ರ ನಿಯಮದ ಪ್ರಕಾರ ಅದು ತೇರ್ಗಡೆ.

ಇಂಥ ಕಟ್ಟುಪಾಡುಗಳಿಂದ ಆದ ಉಪಕಾರ ಸಣ್ಣದಲ್ಲ. 1950ರ ದಶಕದಲ್ಲಿ ಯುರೋಪಿನ ನದಿಗಳ ಮೇಲೆ ನೊರೆಯ ಗುಡ್ಡಗಳು ತೇಲುತ್ತಿದ್ದವು. ಆಗಿನ ಸರ್ಫ್ಯಾಕ್ಟಂಟಿನ ಇಂಗಾಲದ ಸರಪಳಿಗೆ ಕವಲುಗಳಿದ್ದು, ಬ್ಯಾಕ್ಟೀರಿಯಾಗಳಿಗೆ ಅದನ್ನು ಅರಗಿಸುವುದು ಕಷ್ಟವಾಗಿತ್ತು. ಜರ್ಮನಿ 1961ರಲ್ಲಿ ಕಾನೂನು ತಂದಿತು. ಕಾರ್ಖಾನೆಗಳು ನೇರ ಸರಪಳಿಯ ‘ಲಾಸ್’ಗೆ (ಲೀನಿಯರ್ ಆಲ್ಕೈಲ್‌ಬೆಂಜೀನ್ ಸಲ್ಫೋನೇಟ್) ಹೊರಳಿದವು. ಇಂದಿಗೂ ಬಟ್ಟೆ ಸೋಪಿನ ಪುಡಿಗಳಲ್ಲಿ ಅದರದೇ ಮೇಲುಗೈ.

ಆದರೆ ಲಾಸ್ ಒಡೆಯಬೇಕಾದರೆ ಬ್ಯಾಕ್ಟೀರಿಯಾ ಮೊದಲು ಸರಪಳಿಯ ತುದಿಗೆ ಆಮ್ಲಜನಕ ಕೂಡಿಸಬೇಕು. ಆಮೇಲಷ್ಟೇ ಎರಡೆರಡು ಇಂಗಾಲವನ್ನು ಕತ್ತರಿಸುತ್ತ ಬೆಂಜೀನಿನ ಉಂಗುರದತ್ತ ಸಾಗುತ್ತದೆ. ಆಮ್ಲಜನಕವಿಲ್ಲದಿದ್ದರೆ ಈ ಕೆಲಸ ಬಹುಮಟ್ಟಿಗೆ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಹಾಗಾಗಿಯೇ ಗಾಳಿಯಾಡದ ತೊಟ್ಟಿಗಳಲ್ಲಿ ಹುದುಗಿಸಿದ ಕೊಳಚೆ ಕೆಸರಿನಲ್ಲಿ, ಒಣತೂಕದ ಕಿಲೋಗೆ ಹಲವು ಗ್ರಾಂ ಲಾಸ್ ಸಿಕ್ಕಿದ್ದುಂಟು.

ಇನ್ನೊಂದು ಜಾತಿಯ ಸರ್ಫ್ಯಾಕ್ಟಂಟ್ ಅರ್ಧ ಒಡೆದು ಹೆಚ್ಚು ಕೆಡುಕಾಗುತ್ತದೆ. ನೊನೈಲ್‌ಫಿನಾಲ್ ಇಥಾಕ್ಸಿಲೇಟಿನ ಬಾಲವನ್ನು ಬ್ಯಾಕ್ಟೀರಿಯಾಗಳು ಕಡಿದ ಮೇಲೆ ಉಳಿಯುವ ನೊನೈಲ್‌ಫಿನಾಲ್ ಮೀನುಗಳಿಗೆ ವಿಷ, ಈಸ್ಟ್ರೋಜೆನ್‌ನಂತೆ ವರ್ತಿಸುವಂಥದ್ದು. ಅದು ಕೊಳಚೆ ಕೆಸರಿನಲ್ಲಿ ಶೇಖರವಾಗುವುದನ್ನು ಸ್ವಿಸ್ ವಿಜ್ಞಾನಿ ವಾಲ್ಟರ್ ಗೀಗರ್ ಮತ್ತು ಸಂಗಡಿಗರು 1984ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಯುರೋಪು ಅದಕ್ಕೆ ಕಡಿವಾಣ ಹಾಕಿದ್ದು 2003ರಲ್ಲಿ.

ಲಾಸ್ ಪರವಾದ ವಾದ ಹೀಗಿದೆ: ಕೆಸರನ್ನು ಹೊಲಕ್ಕೆ ಚೆಲ್ಲಿದರೆ ಗಾಳಿ ತಗುಲಿ ಕೆಲವೇ ವಾರಗಳಲ್ಲಿ ಅದು ಒಡೆಯುತ್ತದೆ, ಗಾಳಿಯಿಲ್ಲದ ಸ್ಥಿತಿಗೆ ಬೇರೆ ಪರೀಕ್ಷೆ ಬೇಕಿಲ್ಲ. ಶುದ್ಧೀಕರಣ ಘಟಕಗಳು ಸರಿಯಾಗಿ ನಡೆಯುವ ಊರಿಗೆ ಈ ಮಾತು ಒಪ್ಪುತ್ತದೆ.

ಬೆಂಗಳೂರಿಗೆ ಒಪ್ಪುವುದಿಲ್ಲ. ಬಚ್ಚಲು ನೀರು ರಾಜಕಾಲುವೆ ಹಿಡಿದು ನೇರ ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಇಳಿದ ವರ್ಷಗಳು ಎಷ್ಟೋ. ಆ ಕಪ್ಪು ನೀರಿನಲ್ಲಿ ಆಮ್ಲಜನಕದ ಅಭಾವ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಂಡುಕೊಂಡಂತೆ, ಪೂರ್ತಿ ಒಡೆಯದ ಸರ್ಫ್ಯಾಕ್ಟಂಟ್ ಹೂಳಿಗೆ ಅಂಟಿಕೊಂಡು ತಳ ಸೇರುತ್ತದೆ. ದೊಡ್ಡ ಮಳೆಗೆ ಹೂಳು ಕದಡಿದಾಗ ಬಿಡಿಸಿಕೊಂಡು ಮೇಲೇಳುತ್ತದೆ. ಕೋಡಿಯಲ್ಲಿ ನೀರು ಧುಮುಕುವಲ್ಲಿ ಗಾಳಿ ಸೇರಿ ನೊರೆ ಉಬ್ಬುತ್ತದೆ. ವರ್ತೂರು ಕೋಡಿಯಲ್ಲಿ ರಸ್ತೆಗೆ ಹಾರಿ ಸ್ಕೂಟರ್ ಸವಾರರ ಮುಖಕ್ಕೆ ಬಡಿದ ನೊರೆ ಅದೇ. ಗಾಳಿಯ ಬಾಟಲಿಯಲ್ಲಿ ತೇರ್ಗಡೆಯಾದದ್ದು ಈ ಹೂಳಿನಲ್ಲಿ ಏನಾಗುತ್ತದೆ ಎಂಬುದನ್ನು ಆ ಪರೀಕ್ಷೆ ಕೇಳುವುದೇ ಇಲ್ಲ. ಅದರ ದೊಡ್ಡ ಕೊರತೆ ಇದು.

ಕೇಳುವ ಪರೀಕ್ಷೆ ಇದೆ. ಒಇಸಿಡಿಯ 311ನೇ ವಿಧಾನದಲ್ಲಿ ಮುಚ್ಚಿದ ಬಾಟಲಿಯನ್ನು 35 ಡಿಗ್ರಿಯಲ್ಲಿ ಸುಮಾರು 60 ದಿನ ಇಟ್ಟು, ಹುಟ್ಟಿದ ಅನಿಲದ ಒತ್ತಡ ಅಳೆಯುತ್ತಾರೆ. ಸಾಬೂನು, ಕೊಬ್ಬಿನ ಆಲ್ಕೊಹಾಲ್‌ಗಳಿಂದ ಮಾಡಿದ ಸಲ್ಫೇಟುಗಳು ಆಮ್ಲಜನಕವಿಲ್ಲದೆಯೂ ಮೀಥೇನಾಗಿ ಒಡೆಯುತ್ತವೆ. ಯುರೋಪಿನ ‘ಇಕೋಲೇಬಲ್’ ಗುರುತು ಬೇಕಾದವರು, ಜಲಜೀವಿಗಳಿಗೆ ಅಪಾಯಕಾರಿ ಎಂದು ವರ್ಗೀಕರಿಸಿದ ಸರ್ಫ್ಯಾಕ್ಟಂಟ್‌ಗಳಿಗೆ ಈ ಗುಣವನ್ನೂ ತೋರಿಸಬೇಕು. ನಮ್ಮ ಮಾನಕ ಬರೆಯುವವರು, ಕೊಳಚೆ ನೀರು ಪೂರ್ತಿ ಶುದ್ಧವಾಗುವ ತನಕವಾದರೂ, ಎರಡೂ ಪರೀಕ್ಷೆಗಳ ಫಲಿತಾಂಶವನ್ನು ಪ್ಯಾಕೆಟ್ ಮೇಲೆ ಕಡ್ಡಾಯ ಮಾಡಬೇಕು.