ಕೋಟಿನ ಒಳಚೀಟಿಗೊಂದು ಟೀಕೆ

ಕೋಟಿನ ಒಳಮೈಗೆ ಹೊಲಿದ ಚೀಟಿಯಲ್ಲಿ ವೃತ್ತ ಕಂಡರೆ, ಅದು ಡ್ರೈಕ್ಲೀನಿಂಗ್ ಅಂಗಡಿಯವರನ್ನು ಉದ್ದೇಶಿಸಿದ ಮಾತು. ಓದಬೇಕಾದವರು ಬಟ್ಟೆಯ ಒಡೆಯರು ಕೂಡ.

“ವೃತ್ತದೊಳಗೆ ಪಿ”

ಪಿ ಅಂದರೆ ಪರ್ಕ್, ಪೂರ್ತಿ ಹೆಸರು ಪರ್‌ಕ್ಲೋರೋಎಥಿಲೀನ್. ಪರ್ಕ್‌ನಲ್ಲೇ ತೊಳೆಯಿರಿ ಎಂಬ ಅಪ್ಪಣೆ ಇದಲ್ಲ. ಪರ್ಕ್ ಬಿದ್ದರೂ ಈ ಬಟ್ಟೆ ತಾಳಿಕೊಂಡೀತು ಎಂಬ ಭರವಸೆ, ಅಷ್ಟೆ. ಎಫ್ ಗುಂಪಿನ ಸೌಮ್ಯ ದ್ರಾವಕಗಳೂ ಇದಕ್ಕೆ ಸಲ್ಲುತ್ತವೆ. ಕರಗಿಸುವ ಬಲವನ್ನು ಅಳೆಯುವ ಕೌರಿ-ಬ್ಯೂಟನಾಲ್ ಮಾಪನದಲ್ಲಿ ಪರ್ಕ್‌ಗೆ ಸುಮಾರು 90; ಹೈಡ್ರೋಕಾರ್ಬನ್ ದ್ರಾವಕಗಳದ್ದು ಹೆಚ್ಚಾಗಿ 30ರ ಆಸುಪಾಸು. ಪರ್ಕ್‌ಗೆ ಬೆಂಕಿ ಹತ್ತುವುದಿಲ್ಲ. 121 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವುದರಿಂದ ಬಟ್ಟಿ ಇಳಿಸಿ ಮತ್ತೆ ಮತ್ತೆ ಬಳಸಬಹುದು. ಅಂಗಡಿಯವರಿಗೆ ಇನ್ನೇನು ಬೇಕು! ಇದರ ಬೆಲೆ ತೆರುವವರು ಯಂತ್ರದ ಬಳಿ ನಿಂತು ಆವಿ ಕುಡಿಯುವ ಕೆಲಸಗಾರರು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 2ಎ ಗುಂಪಿಗೆ, ಅಂದರೆ ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ನೀರಿಗಿಂತ ಭಾರವಾದ್ದರಿಂದ, ಚೆಲ್ಲಿದ್ದು ಇಂಗಿ ಅಂತರ್ಜಲದ ತಳಕ್ಕಿಳಿಯುತ್ತದೆ. ಡ್ರೈಕ್ಲೀನಿಂಗ್‌ನಿಂದ ಇದನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ತೆಗೆದುಹಾಕುವ ನಿಯಮವನ್ನು ಅಮೆರಿಕದ ಪರಿಸರ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಹೊರಡಿಸಿತು.

“ವೃತ್ತದೊಳಗೆ ಎಫ್”

ಪರ್ಕ್ ಬೇಡ, ಹೈಡ್ರೋಕಾರ್ಬನ್ ಆದೀತು. ಪಾಲಿಸ್ಟೈರೀನ್ ಗುಂಡಿಗಳು ಪರ್ಕ್‌ನಲ್ಲಿ ಕರಗುತ್ತವೆ. ಪಿವಿಸಿ ಲೇಪನ ಅದರಲ್ಲಿ ಅದ್ದಿ ತೆಗೆದರೆ ಬಿರುಸಾಗುತ್ತದೆ. ಅಂಥ ಉಡುಪಿಗೆ ಈ ಅಕ್ಷರ. ನಮ್ಮ ಊರುಗಳ ‘ಪೆಟ್ರೋಲ್ ವಾಶ್’ ಇದೇ ಕುಲದ್ದು. ಅದರಲ್ಲಿ ಬಳಸುವುದು ಹೆಚ್ಚಾಗಿ ಎಂಟಿಓ, ಅಂದರೆ ಮಿನರಲ್ ಟರ್ಪೆಂಟೈನ್ ಎಣ್ಣೆ. ತೊಡಕೂ ಉಂಟು: ಹೊತ್ತಿಕೊಳ್ಳುತ್ತದೆ, ಒಣಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅವಸರದಲ್ಲಿ ಮಡಿಸಿಕೊಟ್ಟ ಸೀರೆ ಎಣ್ಣೆ ವಾಸನೆ ಹೊಡೆಯುವುದು ಅದಕ್ಕೇ. ಆದರೂ ಜರಿ ಸೀರೆಯಲ್ಲಿ ಜಿಡ್ಡಿನ ಕಲೆ ತೀರ ಹಳೆಯದಲ್ಲದಿದ್ದರೆ ನನ್ನ ಓಟು ಎಫ್‌ಗೇ; ಚೀಟಿಯಲ್ಲಿ ಪಿ ಇದ್ದರೂ.

“ವೃತ್ತದ ಕೆಳಗೊಂದು ಗೆರೆ”

ದ್ರಾವಕ ಅದೇ, ತಿರುಗಾಟ, ಶಾಖ, ತೇವ ಕಡಿಮೆ.

“ವೃತ್ತದೊಳಗೆ ಡಬ್ಲ್ಯೂ”

ಇಲ್ಲಿ ದ್ರಾವಕ ನೀರು. ಆದರೆ ಮನೆಯ ವಾಷಿಂಗ್ ಮೆಷಿನ್ ಅಲ್ಲ, ಶಾಖವನ್ನೂ ತಿರುಗಾಟವನ್ನೂ ಹತೋಟಿಯಲ್ಲಿಡುವ ವೃತ್ತಿಪರ ಯಂತ್ರ. ಪರ್ಕ್ ಆಗಲಿ ಎಂಟಿಓ ಆಗಲಿ ಜಿಡ್ಡಿಗೆ ಮಾತ್ರ ಶೂರರು. ಬೆವರಿನ ಉಪ್ಪು, ಪಾನಕದ ಸಕ್ಕರೆ ಅವುಗಳಿಗೆ ಬಗ್ಗವು. ದುಡ್ಡು ಕೊಟ್ಟು ತಂದ ಮೇಲೂ ಕಂಕುಳಲ್ಲಿ ಕಲೆ ಉಳಿದಿದ್ದರೆ, ಕಲೆಯ ಬಗೆಯನ್ನು ಅಂಗಡಿಯಲ್ಲಿ ಮೊದಲೇ ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಅಲ್ಲಿಗಷ್ಟೇ ನೀರು ತಾಗಿಸಿ ತೆಗೆಯುತ್ತಿದ್ದರು.

“ಕಾಟು ಹಾಕಿದ ವೃತ್ತ”

ಡ್ರೈಕ್ಲೀನಿಂಗ್ ಕೂಡದು. ಪಕ್ಕದ ನೀರಿನ ತೊಟ್ಟಿಯ ಚಿತ್ರ ನೋಡಿ. ಅದಕ್ಕೂ ಕಾಟು ಬಿದ್ದಿದೆಯೇ? ಆ ಚೀಟಿಯನ್ನು ಅಂಗಡಿಯಲ್ಲೇ, ಬಿಲ್ ಮಾಡಿಸುವ ಮುಂಚೆ ಓದಬೇಕಿತ್ತು.