ಹಳಿ ಕಿತ್ತ ದಾರಿಯಲ್ಲಿ ಸೈಕಲ್

ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಉತ್ತರದ ಕಡಲಿನಿಂದ ದಕ್ಷಿಣದ ಕಡಲಿಗೆ ಒಂದು ಸೈಕಲ್ ಹಾದಿಯಿದೆ. ಇಲ್ಫ್ರಕೂಮ್‌ನಲ್ಲಿ ಹೊರಟು ಪ್ಲಿಮತ್‌ನಲ್ಲಿ ಮುಗಿಯುವ ಇದರ ಉದ್ದ ಸುಮಾರು 160 ಕಿ.ಮೀ.; ಬ್ರಿಟನ್ನಿನ ರಾಷ್ಟ್ರೀಯ ಸೈಕಲ್ ಜಾಲದಲ್ಲಿ ಇದರ ಸಂಖ್ಯೆ 27. ಹಾದಿಯ ಬಹುಭಾಗಕ್ಕೆ ಮೋಟಾರು ವಾಹನಗಳ ಪ್ರವೇಶವಿಲ್ಲ. ಅಳಿವೆ, ಓಕ್ ಕಾಡು, ಡಾರ್ಟ್‌ಮೂರ್ ಬಯಲಿನ ಅಂಚು ಎಲ್ಲವನ್ನೂ ಮುಟ್ಟುವ ಇಂಥ ಇನ್ನೊಂದು ಹಾದಿ ಆ ದೇಶದಲ್ಲಿ ಸುಲಭಕ್ಕೆ ಸಿಗದು. ಇದನ್ನು ಯಾವ ದಿಕ್ಕಿನಿಂದ ತುಳಿಯಬೇಕು ಎಂಬುದು ಪ್ರವಾಸಿ ಸೈಕಲ್ ಸವಾರರ ನಡುವಿನ ಹಳೆಯ ಚರ್ಚೆ. ಅಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಪ್ಲಿಮತ್‌ನಿಂದ ಹೊರಡುವುದೇ ಲೇಸು ಎನ್ನುವವರಿದ್ದಾರೆ. ಆದರೆ ಇಲ್ಫ್ರಕೂಮ್‌ನ ಏರನ್ನು ದಣಿಯದ ಕಾಲಿನಲ್ಲಿ ಮುಗಿಸಿ, ಕೊನೆಯ ದಿನ ಪ್ಲಿಮ್ ಕಣಿವೆಯ ಇಳಿಜಾರಿನಲ್ಲಿ ಕಡಲಿಗೆ ಇಳಿಯುವುದೇ ಸರಿಯಾದ ಕ್ರಮ.

ಆ ಏರಿನ ಬಗ್ಗೆಯೇ ಹೇಳಬೇಕಾದದ್ದು ಹೆಚ್ಚಿದೆ; ಅದು ಹಳಿ ಕಿತ್ತ ರೈಲುದಾರಿ. ಬಾರ್ನ್‌ಸ್ಟೇಪಲ್‌ನಿಂದ ಇಲ್ಫ್ರಕೂಮ್‌ಗೆ ರೈಲು ಬಂದದ್ದು 1874ರಲ್ಲಿ, ನಿಂತದ್ದು 1970ರಲ್ಲಿ. ಊರಿನಿಂದ ಮಾರ್ಟ್‌ಹೋ ನಿಲ್ದಾಣಕ್ಕೆ ಹತ್ತುವ ಹಳಿಯ ಏರು 36ಕ್ಕೆ 1. ಉಗಿಬಂಡಿಗೆ ಇದು ಪ್ರಾಣಸಂಕಟ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಮಳೆ ಬಂದರೆ, ಎಲೆ ಉದುರಿದರೆ ಇನ್ನೂ ಕಡಿಮೆ. ಹಾಗಾಗಿ ಭಾರದ ಗಾಡಿಗಳಿಗೆ ಹಿಂದಿನಿಂದ ನೂಕಲು ಇನ್ನೊಂದು ಎಂಜಿನ್ ಬೇಕಾಗುತ್ತಿತ್ತು. ಅದೇ ಏರು ಸೈಕಲ್ಲಿಗೆ ಶೇ. 3ಕ್ಕೂ ಕಡಿಮೆ. ಸವಾರ, ಸೈಕಲ್, ಸಾಮಾನು ಸೇರಿ 100 ಕಿಲೋ ಎಂದುಕೊಂಡರೆ, ಗಂಟೆಗೆ 10 ಕಿ.ಮೀ. ವೇಗದಲ್ಲಿ ಈ ಏರಿಗೆಂದು ಕಾಲು ಕೊಡಬೇಕಾದ ಶಕ್ತಿ 75 ವಾಟ್‌ಗಳಷ್ಟು. ದಿನವಿಡೀ ತುಳಿಯುವವರಿಗೆ ಅದು ಹೊರೆಯಲ್ಲ. ಪಕ್ಕದ ಹಳ್ಳಿರಸ್ತೆಗಳಲ್ಲಿ 5ಕ್ಕೆ 1ರ ಏರುಗಳಿವೆ. ಅಲ್ಲಿ ಗಂಟೆಗೆ 5 ಕಿ.ಮೀ. ತೆವಳಲೂ 270 ವಾಟ್ ಬೇಕು. ತುಂಬಿದ ಚೀಲಗಳ ಸೈಕಲ್ಲನ್ನು ಹೆಚ್ಚಿನವರು ಅಲ್ಲಿ ಇಳಿದು ತಳ್ಳುತ್ತಾರೆ.

ಪ್ರವಾಸಿ ಸೈಕಲ್ಲಿಗೆ ಹಳೆಯ ರೈಲುದಾರಿಗಿಂತ ಒಳ್ಳೆಯ ದಾರಿಯನ್ನು ಯಾರೂ ಕಟ್ಟಿಲ್ಲ, ಮತ್ತು ಅದನ್ನು ಕಟ್ಟಿದವರ ಮನಸ್ಸಿನಲ್ಲಿ ಸೈಕಲ್ ಇರಲೇ ಇಲ್ಲ. ಬೆಟ್ಟ ಹತ್ತಲಾರದ ಎಂಜಿನ್ನಿಗಾಗಿ ಅವರು ನದಿಯ ಜಾಡು ಹಿಡಿದರು, ಗುಡ್ಡದ ಸೊಂಟ ಸುತ್ತಿದರು, ಕಣಿವೆಗೆ ಸೇತುವೆ ಹಾಕಿದರು, ಬಂಡೆಗೆ ಸುರಂಗ ಕೊರೆದರು. ಡೆವನ್‌ನಲ್ಲಿ ಇದರ ಲಾಭ ಇಮ್ಮಡಿ. ಅಲ್ಲಿನ ಹಳ್ಳಿರಸ್ತೆಗಳು ಆಳಕ್ಕೆ ಸವೆದು, ಇಕ್ಕೆಲದಲ್ಲೂ ಮಣ್ಣಿನ ದಿಂಡು, ಅದರ ಮೇಲೆ ಪೊದೆಬೇಲಿ. ಸವಾರರಿಗೆ ಕಡಲೂ ಕಾಣದು, ಕಾಡೂ ಕಾಣದು. ಏರಿಯ ಮೇಲೆ ಸಾಗುವ ರೈಲುದಾರಿಯಿಂದ ಎರಡೂ ಕಾಣುತ್ತವೆ.

ಇಂಥ ಹಾದಿಗಳನ್ನು ಮಕ್ಕಳ ಆಟದ ಬಯಲು ಎಂದು ತಳ್ಳಿಹಾಕುವ ಪಂಥವೊಂದು ಬಹುಕಾಲದಿಂದ ಇದೆ. 1934ರಲ್ಲಿ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಪಕ್ಕದಲ್ಲಿ ಬ್ರಿಟನ್ನಿನ ಮೊದಲ ಪ್ರತ್ಯೇಕ ಸೈಕಲ್ ಪಥ ತೆರೆದಾಗ ಅದನ್ನು ವಿರೋಧಿಸಿದವರಲ್ಲಿ ಸೈಕಲ್ ಸವಾರರ ದೊಡ್ಡ ಸಂಘವೇ ಮುಂದಿತ್ತು. ರಸ್ತೆಯ ಮೇಲಿನ ಹಕ್ಕು ಕೈತಪ್ಪುತ್ತದೆಂಬುದು ಅವರ ಭಯ. 1970ರ ದಶಕದಲ್ಲಿ ಅಮೆರಿಕದ ಜಾನ್ ಫಾರೆಸ್ಟರ್ ಇದನ್ನೇ ಸಿದ್ಧಾಂತವಾಗಿಸಿದರು: ಸೈಕಲ್ ಒಂದು ವಾಹನ, ಸವಾರ ಚಾಲಕನಂತೆ ನಡೆದುಕೊಂಡರೆ ಸಾಕು, ಬೇರೆ ದಾರಿ ಬೇಡ. ಈ ವಾದದಲ್ಲಿ ಒಂದು ಅಂಶ ನಿಜ. ರಸ್ತೆಯ ಮಗ್ಗುಲಲ್ಲೇ ಓಡುವ ಪಥ ಪ್ರತಿ ಕೂಡುರಸ್ತೆಯಲ್ಲೂ ತಿರುಗುವ ಕಾರಿಗೆ ಎದುರಾಗುತ್ತದೆ, ಅಪಾಯ ಅಲ್ಲಿಯೇ ಹೆಚ್ಚು. ಆದರೆ ರೈಲುದಾರಿ ಬಹುಪಾಲು ರಸ್ತೆಗಳನ್ನು ಮೇಲಿನಿಂದಲೋ ಕೆಳಗಿನಿಂದಲೋ ದಾಟುತ್ತದೆ. ಫಾರೆಸ್ಟರ್ ಪಂಥದ ಅತ್ಯುತ್ತಮ ಆಕ್ಷೇಪವೇ ಇಲ್ಲಿ ಅನ್ವಯಿಸುವುದಿಲ್ಲ. ಹಕ್ಕಿನ ಭಯವೂ ನಿಜವಾಗಲಿಲ್ಲ. ಬ್ರಿಟನ್ನಿನಲ್ಲಿ ಪಕ್ಕದಲ್ಲಿ ಪಥವಿದ್ದರೂ ಅದನ್ನೇ ಬಳಸಬೇಕೆಂಬ ಕಡ್ಡಾಯ ಇಂದಿಗೂ ಇಲ್ಲ. ಇದಕ್ಕಿಂತ ದೊಡ್ಡ ಮಾತೆಂದರೆ ಗಮನದ್ದು. ರಸ್ತೆಯಲ್ಲಿ ಎಷ್ಟೇ ನುರಿತ ಸವಾರರಾದರೂ ಅವರ ಅರ್ಧ ಕಿವಿ ಹಿಂದಿನ ಎಂಜಿನ್ನಿನ ಮೇಲಿರುತ್ತದೆ. ಊರು ನೋಡಲೆಂದೇ ಹೊರಟ ಪ್ರವಾಸದಲ್ಲಿ ಆ ಅರ್ಧ ಕಿವಿಯ ನಷ್ಟ ಸಣ್ಣದಲ್ಲ.

ಬ್ರಾಂಟನ್‌ನಿಂದ ಬಾರ್ನ್‌ಸ್ಟೇಪಲ್, ಬಿಡಿಫರ್ಡ್, ಟಾರಿಂಗ್ಟನ್ ಮೂಲಕ ಮೀತ್‌ವರೆಗಿನ ಸುಮಾರು 50 ಕಿ.ಮೀ. ಇಡೀ ಹಾದಿಯ ಜೀವ. ಬ್ರಿಸ್ಟಲ್ ಚಾನೆಲ್ ಜಗತ್ತಿನ ಅತಿ ದೊಡ್ಡ ಉಬ್ಬರವಿಳಿತಗಳಿರುವ ತೀರಗಳಲ್ಲಿ ಒಂದು. ಹಾಗಾಗಿ ಟಾ ಮತ್ತು ಟಾರಿಜ್ ನದಿಗಳ ಅಳಿವೆ ದಿನಕ್ಕೆರಡು ಬಾರಿ ತುಂಬಿ, ಎರಡು ಬಾರಿ ಬರಿದಾಗುತ್ತದೆ. ಇಲ್ಲಿ ಹವಾಮಾನಕ್ಕಿಂತ ಮೊದಲು ಉಬ್ಬರದ ವೇಳಾಪಟ್ಟಿ ನೋಡಬೇಕು. ಇಳಿತದಲ್ಲಿ ಹೋದರೆ ಕೆಸರಿನಲ್ಲಿ ಹುಳ ಹೆಕ್ಕುವ ನೀಳಕೊಕ್ಕಿನ ಕರ್ಲೂ ಹಕ್ಕಿಗಳು ಸಿಗುತ್ತವೆ. ಉಬ್ಬರದಲ್ಲಿ ಹೋದರೆ ನೀರು ಹಾದಿಯ ಏರಿಗೇ ಬಂದು ತಾಗಿರುತ್ತದೆ. ಟಾರಿಂಗ್ಟನ್‌ನಿಂದಾಚೆ ಮಾರ್ಲೆಂಡ್, ಮೀತ್‌ಗಳ ಜೇಡಿಮಣ್ಣಿನ ಗಣಿಗಳ ಕಡೆಗೆ ಹೋಗುವ ದಾರಿ ಬಹುಪಾಲು ಮರಗಳ ನಡುವೆ.

ಈ ಭಾಗಕ್ಕೆ ಟಾರ್ಕಾ ಹಾದಿ ಎಂಬ ಹೆಸರು ಬಂದದ್ದು ಹೆನ್ರಿ ವಿಲಿಯಮ್ಸನ್ 1927ರಲ್ಲಿ ಪ್ರಕಟಿಸಿದ ‘ಟಾರ್ಕಾ ದಿ ಆಟರ್’ ಕಾದಂಬರಿಯಿಂದ. ಮೊದಲ ಮಹಾಯುದ್ಧದಿಂದ ಮರಳಿ ಉತ್ತರ ಡೆವನ್‌ನ ಜಾರ್ಜ್‌ಹ್ಯಾಮ್ ಹಳ್ಳಿಯಲ್ಲಿ ನೆಲೆಸಿದ ವಿಲಿಯಮ್ಸನ್, ನೀರುನಾಯಿಯೊಂದರ ಹುಟ್ಟು, ಅಲೆದಾಟ, ಬೇಟೆನಾಯಿಗಳ ಬೆನ್ನಟ್ಟುವಿಕೆಗಳನ್ನು ಈ ಎರಡು ನದಿಗಳ ಮಡುವು, ಸೇತುವೆ, ಮರಗಳ ಗುರುತಿನೊಂದಿಗೆ ಬರೆದರು. 1928ರಲ್ಲಿ ಅದಕ್ಕೆ ಹಾಥಾರ್ನ್‌ಡನ್ ಪ್ರಶಸ್ತಿ ಬಂತು. ನೀರುನಾಯಿಯನ್ನು ಮುದ್ದಿನ ಮರಿಯಾಗಿಸದೆ, ಮನುಷ್ಯರ ಮಾತನ್ನು ಅದರ ಬಾಯಿಗೆ ತುರುಕದೆ ಬರೆದದ್ದು ಆ ಕೃತಿಯ ಹಿರಿಮೆ. ಟಾರ್ಕಾ ಹುಟ್ಟುವುದು ಟಾರಿಂಗ್ಟನ್ ಬಳಿ, ಹಳೆಯ ಕಾಲುವೆಯ ಕಮಾನು ಸೇತುವೆಯ ಸಮೀಪ. ಆ ಕಮಾನುಗಳು ಇಂದಿಗೂ ಸೈಕಲ್ ಹಾದಿಯಿಂದ ಕಾಣುತ್ತವೆ. 1950ರ ದಶಕದಿಂದ ಡೀಲ್ಡ್ರಿನ್‌ನಂಥ ಕೀಟನಾಶಕಗಳು ನದಿ ಸೇರಿ ಇಂಗ್ಲೆಂಡಿನ ನೀರುನಾಯಿಗಳನ್ನು ಬಹುತೇಕ ಅಳಿಸಿದವು. ಅವುಗಳ ನಿಷೇಧದ ನಂತರ ಪ್ರಾಣಿ ನಿಧಾನಕ್ಕೆ ಮರಳಿ, 2011ರ ಹೊತ್ತಿಗೆ ಎಲ್ಲ ಕೌಂಟಿಗಳಲ್ಲೂ ಅದರ ಸುಳಿವು ಸಿಕ್ಕಿತು. ತುಂಗಭದ್ರೆಯಲ್ಲಿ ಗುಂಪು ಕಟ್ಟಿ ಮೀನು ಹಿಡಿಯುವ ನೀರುನಾಯಿಗಳನ್ನು ಕಂಡವರು ಇಲ್ಲಿ ಅಂಥ ಗದ್ದಲವನ್ನು ನಿರೀಕ್ಷಿಸಬಾರದು. ಇದು ಬೇರೆ ಜಾತಿ. ಒಂಟಿಯಾಗಿ, ಹೆಚ್ಚಾಗಿ ಕತ್ತಲಲ್ಲಿ ಓಡಾಡುತ್ತದೆ.

ಮೀತ್‌ನಲ್ಲಿ ಹಾದಿ ಕಡಿದು ಸವಾರರು ರಸ್ತೆಗೆ ಬೀಳುತ್ತಾರೆ. ಓಕ್‌ಹ್ಯಾಂಪ್ಟನ್‌ವರೆಗೆ ಕಾರುಗಳ ಜೊತೆಗೇ ಪಯಣ. ಇಲ್ಫ್ರಕೂಮ್ ಮತ್ತು ಬ್ರಾಂಟನ್ ನಡುವೆ, ಲಿಡ್‌ಫರ್ಡ್ ಮತ್ತು ಟಾವಿಸ್ಟಾಕ್ ನಡುವೆಯೂ ಇಂಥ ತುಂಡುಗಳಿವೆ. ಬ್ರಿಟಿಷ್ ರೈಲ್ವೆಯ ಮುಖ್ಯಸ್ಥ ರಿಚರ್ಡ್ ಬೀಚಿಂಗ್ ಅವರ 1963ರ ವರದಿ ಸುಮಾರು 8,000 ಕಿ.ಮೀ. ರೈಲುಮಾರ್ಗಗಳನ್ನು ಮುಚ್ಚಲು ಹೇಳಿತ್ತು. ಮುಚ್ಚಿದ್ದಕ್ಕಿಂತ ಕೆಟ್ಟ ಕೆಲಸ ಆಮೇಲೆ ನಡೆಯಿತು: ಹಳಿ ಕಿತ್ತ ಜಾಗವನ್ನು ತುಂಡು ತುಂಡಾಗಿ ಅಕ್ಕಪಕ್ಕದವರಿಗೆ ಮಾರಿದ್ದು. ಹಾದಿಯ ಬೆಲೆಯಿರುವುದು ಅದರ ಅಖಂಡತೆಯಲ್ಲಿ. ನಡುವೆ ಒಂದೇ ಹೊಲ ಮಾರಿದರೂ ಎರಡೂ ಬದಿಯ ಮೈಲಿಗಳು ಕುಗ್ಗುತ್ತವೆ. ಅಮೆರಿಕ 1983ರಲ್ಲಿ ಕಾನೂನು ತಿದ್ದಿ, ಮುಂದೆಂದಾದರೂ ರೈಲು ಬರಬಹುದೆಂಬ ನೆಲೆಯಲ್ಲಿ ಇಂಥ ಜಾಗಗಳನ್ನು ಇಡಿಯಾಗಿ ಕಾದಿರಿಸಿ, ಅಲ್ಲಿಯವರೆಗೆ ಹಾದಿಯಾಗಿ ಬಳಸಲು ಅವಕಾಶ ಕೊಟ್ಟಿತು. ಬ್ರಿಟನ್ನಿನಲ್ಲಿ ಆ ಕೆಲಸ ಸ್ವಯಂಸೇವಕರ ಪಾಲಿಗೆ ಬಂತು. 1977ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿ, ಮುಂದೆ ಸಸ್ಟ್ರಾನ್ಸ್ ಎಂದು ಹೆಸರಾದ ಗುಂಪು ಬ್ರಿಸ್ಟಲ್‌ನಿಂದ ಬಾತ್‌ಗೆ ರೈಲುದಾರಿಯ ಮೇಲೆ ಸೈಕಲ್ ಪಥ ಕಟ್ಟಿ ತೋರಿಸಿದ ಮೇಲೆಯೇ ಊರೂರುಗಳಿಗೆ ಧೈರ್ಯ ಬಂದದ್ದು.

ಓಕ್‌ಹ್ಯಾಂಪ್ಟನ್‌ನಿಂದ ಲಿಡ್‌ಫರ್ಡ್‌ಗೆ 18 ಕಿ.ಮೀ. ಡಾರ್ಟ್‌ಮೂರ್‌ನ ಅಂಚು ಹಿಡಿಯುವ ಹಾದಿ. ಅದರ ಆರಂಭದಲ್ಲೇ 1874ರ ಮೆಲ್ಡನ್ ಸೇತುವೆ: ಕಬ್ಬಿಣದ ಜಾಲರಿ ಗೋಪುರಗಳ ಮೇಲೆ ನಿಂತ ಇಂಥ ರೈಲುಸೇತುವೆಗಳಲ್ಲಿ ಬ್ರಿಟನ್ನಿನಲ್ಲಿ ಉಳಿದ ಎರಡರಲ್ಲಿ ಒಂದು, ಎತ್ತರ ಸುಮಾರು 46 ಮೀಟರ್. ಟಾವಿಸ್ಟಾಕ್ ದಾಟಿದ ಮೇಲೆ ವಾಕಮ್ ನದಿಯ ಮೇಲಿದ್ದ, ರೈಲು ಎಂಜಿನಿಯರ್ ಬ್ರುನೆಲ್ ಕಾಲದ ಸೇತುವೆಯನ್ನು 1965ರಲ್ಲಿ ಕೆಡವಲಾಗಿತ್ತು. ಆ ಕಣಿವೆಗೆ 2012ರಲ್ಲಿ 200 ಮೀಟರ್ ಉದ್ದದ ಜೆಮ್ ಸೇತುವೆಯನ್ನು ನಡೆಯುವವರಿಗೆ ಮತ್ತು ಸೈಕಲ್ಲಿಗೆಂದೇ ಕಟ್ಟಿದರು. ಕೆಡವಿದ್ದನ್ನು ಮತ್ತೆ ಕಟ್ಟುವ ಖರ್ಚಿಗೆ ಒಪ್ಪಿದ್ದು ಡೆವನ್‌ನ ದೊಡ್ಡತನ.

ಅಲ್ಲಿಂದ ಮುಂದೆ ಯೆಲ್ವರ್ಟನ್ ದಾಟಿ ಪ್ಲಿಮ್ ಕಣಿವೆ. 1859ರಲ್ಲಿ ತೆರೆದು 1962ರ ಕೊನೆಗೆ, ಬೀಚಿಂಗ್ ವರದಿಗೂ ಮೊದಲೇ, ಮುಚ್ಚಿದ ಈ ಮಾರ್ಗದಲ್ಲಿ ಬ್ರುನೆಲ್‌ನ ಮರದ ಸೇತುವೆಗಳ ಬದಲಿಗೆ ಬಂದ ಕಲ್ಲು–ಇಟ್ಟಿಗೆಯ ಕಮಾನುಗಳಿವೆ. ಅವುಗಳ ಮೇಲೆ ಸಾಗುವ ಸವಾರರು ಓಕ್ ಮರಗಳ ನೆತ್ತಿಯ ಮಟ್ಟದಲ್ಲಿರುತ್ತಾರೆ. ಒಂದು ಸುರಂಗವೂ ಇದೆ, ದೀಪ ಬೇಕು. ನಗರಕ್ಕೆ ಹತ್ತಿರವಾದಂತೆ ನಡೆಯುವವರು, ನಾಯಿ, ಮಕ್ಕಳು ಹೆಚ್ಚು. ವೇಗದ ದಾಖಲೆ ಹುಡುಕುವವರು ಇಲ್ಲಿಗೆ ಬರಬಾರದು. ಗಂಟೆ ಬಾರಿಸಿ, ನಿಧಾನಿಸಿ, ದಾರಿ ಬಿಡಬೇಕು. ಕ್ಯಾನ್ ಸೇತುವೆಯ ಎದುರಿನ ಹಳೆಯ ಕಲ್ಲುಗಣಿಯಲ್ಲಿ ಪೆರೆಗ್ರಿನ್ ಗಿಡುಗಗಳು ಗೂಡು ಕಟ್ಟುತ್ತವೆ, ಮರಿಗಳ ರೆಕ್ಕೆ ಬೇಸಿಗೆಯ ಆರಂಭದಲ್ಲಿ ಬಲಿಯುತ್ತದೆ. ಏಪ್ರಿಲ್ ಕೊನೆಯಿಂದ ಮೇವರೆಗೆ ಪ್ಲಿಮ್‌ಬ್ರಿಜ್ ಕಾಡಿನ ನೆಲದಲ್ಲಿ ಬ್ಲೂಬೆಲ್ ಅರಳಿರುತ್ತದೆ. ಜುಲೈ, ಆಗಸ್ಟ್‌ನ ರಜೆಯ ಜನಸಂದಣಿಯನ್ನು ಬಿಟ್ಟು ಮೇ ತಿಂಗಳಲ್ಲಿ ಹೊರಟು, ನಾಲ್ಕು ದಿನ ತೆಗೆದಿಟ್ಟುಕೊಂಡರೆ ಹಾದಿಯ ಎಲ್ಲ ಭಾಗಗಳಿಗೂ ಸಾಕಷ್ಟು ಹೊತ್ತು ಸಿಗುತ್ತದೆ.