ಜಾಲಬರಹಗಳ ಸೂಚಿಯೂ ಅದರ ಪ್ರಯೋಜನವೂ

ಹೆಸರುಗಳನ್ನು ಒಂದೆಡೆ ಕೂಡಿಹಾಕಿದ ಮಾತ್ರಕ್ಕೆ ಸೂಚಿಯಾಗಲಾರದು. ಅರಸುವವನನ್ನು ಅರಸಿದ ವಸ್ತುವಿನ ಬಳಿಗೆ ಕರೆದೊಯ್ಯುವುದೇ ಸೂಚಿಯ ಧರ್ಮ. ಅಂತರ್ಜಾಲದಲ್ಲಿ ಅನೇಕ ವಿದ್ಯಾವಂತರು ತಮ್ಮ ತಮ್ಮ ತಾಣಗಳಲ್ಲಿ ಪ್ರಕಟಿಸುತ್ತಿರುವ ಬರಹಗಳಿಗೆ ಕೆಲವರು ಸೂಚಿಗಳನ್ನು ಸಿದ್ಧಪಡಿಸಿರುವರು. ಅವರ ಉದ್ಯಮವು ಶ್ಲಾಘ್ಯವೇ ಸರಿ. ಆದರೂ ಅದರ ಫಲವನ್ನು ಪರೀಕ್ಷಿಸುವುದು ವಿಮರ್ಶಕನ ಕರ್ತವ್ಯವಾಗಿದೆ.

ಈಚೆಗೆ ಷಟ್ಪದಿಯ ಲಕ್ಷಣವನ್ನು ಕುರಿತ ಬರಹಗಳಿಗಾಗಿ ನಾವು ಅಂತಹ ಸೂಚಿಯೊಂದನ್ನು ತೆರೆದು ನೋಡಿದೆವು. ‘ಸಾಹಿತ್ಯ’ವೆಂಬ ಒಂದೇ ಶೀರ್ಷಿಕೆಯ ಕೆಳಗೆ ಕವಿತೆ, ಛಂದಸ್ಸು, ಹಾಸ್ಯ, ಪುಸ್ತಕವ್ಯಾಪಾರ ಎಲ್ಲವೂ ಬೆರೆತಿದ್ದವು. ಕೆಲವು ವಿಳಾಸಗಳಲ್ಲಿ ಬರಹವೇ ಉಳಿದಿರಲಿಲ್ಲ. ಸಂಜೆಯೆಲ್ಲ ಕಳೆದ ಮೇಲೆ, ವಿವರಣೆಯಿಲ್ಲದ ಒಂದು ಹೆಸರಿನ ಹಿಂದೆ, ನಮಗೆ ಬೇಕಾದ ಪಾಂಡಿತ್ಯಪೂರ್ಣವಾದ ಲೇಖನವು ದೊರೆಯಿತು. ಅಂತಹ ಶ್ರಮವು ಎಷ್ಟು ಮಂದಿಯ ಕಣ್ಣಿಗೆ ಬೀಳದೆ ಹೋಗಿರಬಹುದೆಂದು ನೆನೆದು ಖೇದವಾಯಿತು.

ಈ ರೋಗವು ಹೊಸದಲ್ಲ. ೧೯೯೪ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ಜೆರ್ರಿ ಯಾಂಗ್, ಡೇವಿಡ್ ಫೈಲೊ ಎಂಬಿಬ್ಬರು ಆರಂಭಿಸಿದ ಯಾಹೂ ಸೂಚಿಯು ೨೦೧೪ರ ಕೊನೆಯಲ್ಲಿ ಮುಚ್ಚಿತು. ೧೯೯೮ರಲ್ಲಿ ಹುಟ್ಟಿ, ವೇತನವಿಲ್ಲದ ಸಂಪಾದಕರಿಂದ ಬೆಳೆದ ‘ಡಿಮಾಜ್’ ಸೂಚಿಯು ೨೦೧೭ರ ಮಾರ್ಚಿ ತಿಂಗಳಲ್ಲಿ ನಿಂತಿತು. ತಾಣಗಳು ಹೆಚ್ಚಿದ ವೇಗಕ್ಕೆ, ಓದಿ ವರ್ಗೀಕರಿಸುವ ಕೈಗಳು ಸಾಲದೆ ಹೋದವು. ಜನರು ಶೋಧಯಂತ್ರಗಳ ಕಡೆಗೆ ತಿರುಗಿದರು. ಆದರೆ ಕೇಳಬೇಕಾದ ಪದವನ್ನೇ ಅರಿಯದ ಜಿಜ್ಞಾಸುವಿಗೆ ಯಂತ್ರದಿಂದಾಗುವ ಸಹಾಯವು ಅಲ್ಪ. ಅವನಿಗೆ ವರ್ಗವಾರು ಸೂಚಿಯೇ ಬೇಕು. ಸಕಲವನ್ನೂ ಸೇರಿಸುವೆವೆಂಬ ಆಸೆಯನ್ನು ಮಾತ್ರ ಸೂಚಿಕಾರರು ಬಿಡತಕ್ಕದ್ದು.

ಇದಕ್ಕೆ ಮಾದರಿಗಳು ನಮ್ಮಲ್ಲಿಯೇ ಇವೆ. ಅಮರಸಿಂಹನ ಕೋಶಕ್ಕೆ ನಾಮಲಿಂಗಾನುಶಾಸನವೆಂದು ಹೆಸರು. ಅವನು ನಾಮದೊಡನೆ ಲಿಂಗವನ್ನೂ ತಿಳಿಸಿದನು. ಹಾಗೆಯೇ ಸೂಚಿಯು ಹೆಸರಿನೊಡನೆ ಬರಹದ ಸ್ವರೂಪವನ್ನೂ ಹೇಳತಕ್ಕದ್ದು. ಅವನು ಸಮುದ್ರವನ್ನು ವಾರಿವರ್ಗದಲ್ಲಿಯೂ ಮರಗಳನ್ನು ವನೌಷಧಿವರ್ಗದಲ್ಲಿಯೂ ಇಟ್ಟನು; ಹಲವು ಅರ್ಥಗಳುಳ್ಳ ಶಬ್ದಗಳಿಗಾಗಿ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವನ್ನು ರಚಿಸಿದನು. ಛಂದಸ್ಸನ್ನೂ ಕೃಷಿಯನ್ನೂ ಕುರಿತು ಬರೆಯುವ ಒಬ್ಬನೇ ಲೇಖಕನು ಎರಡು ವರ್ಗಗಳಲ್ಲಿಯೂ ಕಾಣಿಸಿಕೊಳ್ಳುವುದು ನ್ಯಾಯವಲ್ಲವೆ?

ಆರ್. ನರಸಿಂಹಾಚಾರ್ಯರ ಕರ್ನಾಟಕ ಕವಿಚರಿತೆಯ ಸಂಪುಟಗಳು ೧೯೦೭, ೧೯೧೯, ೧೯೨೯ರಲ್ಲಿ ಹೊರಬಂದವು. ಅಲ್ಲಿ ಕವಿಯ ಹೆಸರಷ್ಟೇ ಅಲ್ಲ, ಕಾಲವೂ ಕೃತಿಯೂ ಕಾವ್ಯದ ಮಾದರಿಯೂ ಉಂಟು. ಓದುವವನು ಮೂಲಗ್ರಂಥವನ್ನು ಹುಡುಕುವ ಮೊದಲೇ ಅದರ ರುಚಿಯನ್ನು ಅರಿಯುವನು. ಮೊದಲನೆಯ ಸಂಪುಟವು ೧೯೨೪ರಲ್ಲಿ ಪರಿಷ್ಕೃತವಾಗಿ ಮತ್ತೆ ಬಂದಿತು. ಒಮ್ಮೆ ಅಚ್ಚಾದುದನ್ನೂ ತಿದ್ದತಕ್ಕದ್ದೆಂಬ ಈ ನಿಷ್ಠೆಯು, ಎಷ್ಟು ಬಾರಿಯಾದರೂ ಸುಲಭವಾಗಿ ತಿದ್ದಬಹುದಾದ ಜಾಲಸೂಚಿಯಲ್ಲಿ ಇಲ್ಲದಿರುವುದು ಸೋಜಿಗ.

ಆದುದರಿಂದ ಪ್ರತಿಯೊಂದು ಹೆಸರಿನ ಕೆಳಗೂ ಓದಿದವರು ಬರೆದ ಎರಡು ವಾಕ್ಯ, ಆರಂಭಕ್ಕೆ ಓದತಕ್ಕ ಒಂದು ಲೇಖನ, ಕೊನೆಯದಾಗಿ ಪರಿಶೀಲಿಸಿದ ದಿನಾಂಕ, ಈ ಮೂರು ಇರಲಿ. ನಿಂತುಹೋದ ತಾಣವನ್ನು ಅಳಿಸದೆ, ನಿಂತಿತೆಂದು ಗುರುತಿಸಲಿ. ಬರೆದವನು ಇದ್ದನೆಂಬುದಾದರೂ ತಿಳಿಯಲಿ. ಗುಣದೋಷಗಳನ್ನು ನಿರ್ಣಯಿಸಲು ಇವರಾರು ಎಂಬ ಆಕ್ಷೇಪವು ಬರಬಹುದು. ವಿವರಣೆಯ ಕೆಳಗೆ ಬರೆದವರ ಹೆಸರಿದ್ದರೆ ಅದಕ್ಕೆ ಅವರೇ ಹೊಣೆಯಾಗುವರು. ಒಪ್ಪದವರು ತಿದ್ದುಪಡಿಯನ್ನು ಕಳುಹಿಸಬಹುದು.

ಸಾವಿರ ಹೆಸರುಗಳ ಪಟ್ಟಿಗಿಂತ, ಓದಿ ಪರಿಚಯಿಸಿದ ಐವತ್ತು ತಾಣಗಳ ಸೂಚಿಯೇ ಮೇಲು. ಅಷ್ಟು ಕೆಲಸವು ಒಂದು ಜಿಲ್ಲೆಯ ಸಾಹಿತ್ಯಸಂಘದ ಶಕ್ತಿಗೆ ಮೀರಿದುದಲ್ಲ. ವಾಚಕಮಹಾಶಯರು ಈ ವಿಷಯವನ್ನು ಆಲೋಚಿಸಬೇಕೆಂದು ನಮ್ಮ ಪ್ರಾರ್ಥನೆ.